ಬಿದ್ದ ಮೇಲೆ ನಡೆಸಿದ ಹೆಜ್ಜೆಗಳು

ಅಥವಾ ಆ ದಿನ ಇಬ್ಬನಿ ಇರಲೇ ಇಲ್ಲವೇನೋ. ಜಾರಲು ಒಂದು ಕಾರಣ ಬೇಕಲ್ಲ ಎಂದು ನಾನೇ ಆಮೇಲೆ ಇಬ್ಬನಿಯನ್ನು ತಂದು ಅಂಗಳದಲ್ಲಿ ಹಾಸಿರಬೇಕು. ಅತ್ತೆ ಬಿದ್ದದ್ದು ಬೆಳಿಗ್ಗೆ ಎಂಬುದು ಮಾತ್ರ ಖಚಿತ. ಮಲ್ಲಿಗೆ ಮೊಗ್ಗು ಕೊಯ್ಯುವುದು ಬಿಸಿಲೇರುವ ಮುಂಚೆ. ಅವರು ಮೊಗ್ಗು ಕೊಯ್ದುಕೊಂಡು ಬರುತ್ತಿದ್ದರು. ಮಡಿಲಿನಿಂದ ಮೊಗ್ಗು ಚೆಲ್ಲಿ ನೆಲವೆಲ್ಲ ಬೆಳ್ಳಗಾಗಿತ್ತು ಎಂದು ನನ್ನ ಗಂಡ ಇಂದಿಗೂ ಹೇಳುತ್ತಾರೆ. ಆದರೆ ಅವರು ಆ ಹೊತ್ತು ಅಲ್ಲಿರಲಿಲ್ಲ. ನಾನಿದ್ದೆ, ನನಗೆ ಬಿಳಿಯ ನೆಲದ ನೆನಪಿಲ್ಲ. ನೆನಪಿರುವುದು ಅತ್ತೆಯ ಒಂದು ಚಪ್ಪಲಿ, ಮಗುಚಿ ಬಿದ್ದದ್ದು, ಅದರ ಅಡಿಗೆ ಅಂಟಿದ್ದ ಸೆಗಣಿಯ ಚೂರು. ಇಷ್ಟು ಸ್ಪಷ್ಟವಾಗಿ ಕಾಣುವ ಚಪ್ಪಲಿಯನ್ನು ನಾನು ನಂಬುವುದಿಲ್ಲ.

ಮುಟ್ಟಳ್ಳಿಯ ಮನೆ ಅದು, ಭಟ್ಕಳ ಪೇಟೆಯಿಂದ ಸ್ವಲ್ಪ ಒಳಗೆ. ಅತ್ತೆಯೆಂದರೆ ನನ್ನ ಗಂಡನ ತಾಯಿ. ನಾನು ಕುಮಟೆ ಹತ್ತಿರದ ಬಾಡದವಳು. ಮದುವೆಯಾಗಿ ಈ ಕಡೆ ಬಂದ ಮೇಲೆ ಹೊನ್ನಾವರದಲ್ಲಿ ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬರುತ್ತಿದ್ದೆ. ಜನರ ಹೇಳಿಕೆಗಳನ್ನು ಟೈಪ್ ಮಾಡುವುದು ನನ್ನ ಕೆಲಸ. ‘ನಾನು ಕಣ್ಣಾರೆ ಕಂಡಿರುತ್ತೇನೆ’ ಎಂಬ ಸಾಲನ್ನು ಎಷ್ಟು ಸಲ ಹೊಡೆದಿದ್ದೇನೋ, ಬೆರಳುಗಳಿಗೆ ಅದು ಬಾಯಿಪಾಠವಾಗಿತ್ತು. ಅತ್ತೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಬಿದ್ದ ಮೇಲೆ ಆದದ್ದನ್ನು ಕಂಡಿದ್ದೇನೆ, ಕಂಡದ್ದಲ್ಲ, ಮಾಡಿದ್ದೇನೆ. ನನಗೆ ತಿಳಿಯಬೇಕಾಗಿದ್ದುದು ಒಂದೇ ಒಂದು ಸಂಗತಿ: ಅವರ ತೊಡೆಯ ಎಲುಬು ಬಿದ್ದಾಗ ಮುರಿಯಿತೋ, ನಾನು ಎಬ್ಬಿಸಿ ನಡೆಸಿದಾಗ ಮುರಿಯಿತೋ.

ಇಸವಿ ಎರಡು ಸಾವಿರದ ಮೂರು. ಅದಕ್ಕೆ ಎರಡು ವರ್ಷ ಮೊದಲು ಅವರ ಬಲಗಾಲಿನ ಮೊಣಗಂಟನ್ನು ತೆಗೆದು, ತೆಂಕಣ ದಿಕ್ಕಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಲೋಹದ ಗಂಟು ಕೂರಿಸಿದ್ದರು. ಅದಕ್ಕೂ ಮುಂಚೆ ಹತ್ತು ವರ್ಷ ಅವರು ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದರು. ಆಪರೇಷನ್ ಆದ ಮೇಲೆ ನೇರ ಇಳಿಯತೊಡಗಿದರು. ಊರಲ್ಲಿ ಅಂಥ ಕಾಲು ಮೊದಲನೆಯದು, ಹಾಗಾಗಿ ನೋಡಲು ಬರುವವರು ಬಹಳ. ಪಕ್ಕದ ಮನೆಯ ಬಾಯಮ್ಮ, ಮನೆಯಲ್ಲಿ ಕೊಂಕಣಿ ಮಾತಾಡುವವರು, ಸೀರೆಯ ಮೇಲಿಂದಲೇ ಮೊಣಕಾಲು ಮುಟ್ಟಿ ನೋಡಿದ್ದರು.

“ಒಳಗೆ ಕಬ್ಬಿಣ ಇಟ್ಟಿದ್ರಂತಲ್ಲೆ. ನಮ್ಮ ಉಪ್ಪುಗಾಳಿಗೆ ತುಕ್ಕು ಹಿಡಿಯುದಿಲ್ವನೆ?”

“ಹಿಡಿದ್ರೆ ನಿನ್ನ ಗಂಡನ ಹತ್ರ ಒಂದು ಕೈ ಪೇಂಟ್ ಹೊಡ್ಸ್ಕಂತೆ. ದೋಣಿಗೆ ಹೊಡೆದು ಉಳಿದದ್ದು ಇರ್ತದಲ.”

“ಹಸುರೇ ಉಳಿದದ್ದು.”

“ಹಸುರಾದ್ರೂ ಆತು. ಗಿಳಿ ಕಾಲು ಅಂದ್ಕಂಡ್ರಾತು.”

ನೆಲದ ಮೇಲೆ ಕೂರಬೇಡಿ, ಕುಕ್ಕರಗಾಲಲ್ಲಿ ಕೂರಬೇಡಿ, ಮುಖ್ಯವಾಗಿ ಬೀಳಬೇಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮೊದಲನೆಯ ಎರಡನ್ನು ಅತ್ತೆ ಪಾಲಿಸಿದರು. ಮಣೆ ಬಿಟ್ಟು ಪ್ಲಾಸ್ಟಿಕ್ ಕುರ್ಚಿಗೆ ಬಂದರು, ಮಲ್ಲಿಗೆ ಕಟ್ಟುವುದನ್ನೂ ಕುರ್ಚಿಯಲ್ಲೇ ಕೂತು ಮಾಡಿದರು. ಮೂರನೆಯದನ್ನು ನೆನೆದು ನಗುತ್ತಿದ್ದರು. “ಬೀಳ್ಬೇಕು ಅಂತ ಯಾರಾದ್ರೂ ಬೀಳ್ತ್ರಾ? ಓದಿದವ್ರು ಎಂತೆಂತ ಹೇಳ್ತ್ರು ನೋಡು.”

ಆ ಎರಡು ವರ್ಷ ನನ್ನ ನೆನಪಿನಲ್ಲಿ ಬಹಳ ಉದ್ದವಾಗಿದೆ. ಅದರಲ್ಲಿ ಯಾವಾಗಲೂ ಬೆಳಗ್ಗೆಯೇ. ಅತ್ತೆ ಮಲ್ಲಿಗೆ ಗಿಡಗಳ ನಡುವೆ ಬಾಗದೆ, ನಿಂತ ಹಾಗೆಯೇ, ಮೇಲಿನ ಮೊಗ್ಗುಗಳನ್ನಷ್ಟೇ ಕೊಯ್ಯುತ್ತ ತೇಲಿದಂತೆ ಮುಂದೆ ಮುಂದೆ ಹೋಗುತ್ತಾರೆ; ಕೆಳಗಿನ ಮೊಗ್ಗುಗಳನ್ನು ನಾನು ಕೊಯ್ಯಬೇಕಾಗಿತ್ತು, ಬಸ್ಸಿನ ಅವಸರದಲ್ಲಿ ಅರ್ಧ ಬಿಟ್ಟೇ ಬಿಡುತ್ತಿದ್ದೆ. ಮಧ್ಯಾಹ್ನಕ್ಕೆ ಅವು ಗಿಡದಲ್ಲೇ ಅರಳುತ್ತಿದ್ದವಂತೆ. ನಾನು ಆ ಹೊತ್ತಿಗೆ ಹೊನ್ನಾವರದಲ್ಲಿರುತ್ತಿದ್ದೆ. ಆದರೂ ಮೊಣಕಾಲಿನ ಎತ್ತರಕ್ಕೆ ಒಂದು ಬಿಳಿಯ ಗೆರೆ, ಗಿಡದಿಂದ ಗಿಡಕ್ಕೆ, ಮಧ್ಯಾಹ್ನದ ಬಿಸಿಲಲ್ಲಿ ಹೊಳೆಯುವುದು ನನಗೆ ಕಾಣುತ್ತದೆ. ಕಾಣದ್ದು ಹೀಗೆ ಕಾಣುವಾಗ ಕಂಡದ್ದನ್ನು ಎಷ್ಟು ನಂಬಬೇಕು.

ಅಂಗಳದ ಬಾಯಿಗೆ ದಣಪೆ ಇತ್ತು: ದನ ಒಳಗೆ ಬರದಂತೆ ಅಡ್ಡ ತೂರಿಸುವ ಮೂರು ಬಿದಿರು ಗಳಗಳು. ಮೇಲಿನ ಎರಡನ್ನು ಸರಿಸಿ, ಕೆಳಗಿನದನ್ನು ಹಾಗೇ ಬಿಟ್ಟು ದಾಟುವುದು ಮನೆಯ ಎಲ್ಲರ ರೂಢಿ. ಹೊಸ ಗಂಟು ಅಷ್ಟು ಮಡಚುತ್ತಿರಲಿಲ್ಲ. ಅತ್ತೆ ಮೊದಲು ಎಡಗಾಲು ಆಚೆಗಿಟ್ಟು, ಬಲಗಾಲನ್ನು ಹಿಂದಿನಿಂದ ಸುತ್ತಿ ತರುತ್ತಿದ್ದರು. ಆ ದಿನ ಅದು ಗಳಕ್ಕೆ ಸಿಕ್ಕಿರಬೇಕು. ನಾನು ಒಳಗೆ ಜಡೆ ಹಾಕಿಕೊಳ್ಳುತ್ತಿದ್ದೆ. ಗಳ ಉರುಳಿದ ಸದ್ದು ಕೇಳಿತು, ಬಾಗಿಲಿಗೆ ಬಂದೆ.

ಈಗ ನನ್ನ ತವರಿನ ಒಂದು ಪದ್ಧತಿಯನ್ನು ಹೇಳಬೇಕು. ಬಾಡದಲ್ಲಿ ಯಾರು ಬಿದ್ದರೂ, ಗೇರುಮರದಿಂದಾಗಲಿ ಕಡಲ ಕಲ್ಲುಗಳ ಮೇಲಿಂದಾಗಲಿ, ಬಿದ್ದಲ್ಲೇ ಇರಗೊಡುತ್ತಿರಲಿಲ್ಲ. ಕೂಡಲೇ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಬೇಕು. ಬಿದ್ದ ಜಾಗಕ್ಕೆ ಒಂದು ಚೊಂಬು ನೀರು ಹೊಯ್ಯಬೇಕು. ಇಲ್ಲದಿದ್ದರೆ ಪೆಟ್ಟು ಮೈಯೊಳಗೆ ಕೂತುಬಿಡುತ್ತದೆ ಎಂಬ ನಂಬಿಕೆ. ಚಿಕ್ಕಂದಿನಲ್ಲಿ ನನ್ನನ್ನೂ ಅಪ್ಪ ಹಾಗೆ ಎಷ್ಟೋ ಸಲ ನಡೆಸಿದ್ದಾರೆ. ಅಳುತ್ತ ಒಂದು, ಎರಡು. ಮೂರನೆಯದಕ್ಕೆ ಅಳು ನಿಲ್ಲುತ್ತಿತ್ತು. ನಡೆಸಿದ್ದರಿಂದ ಪೆಟ್ಟು ಹೆಚ್ಚಾದವರು ಯಾರಾದರೂ ಇದ್ದರೋ ಏನೋ, ಅವರ ಮಾತನ್ನು ನಮ್ಮಲ್ಲಿ ಯಾರೂ ಆಡುತ್ತಿರಲಿಲ್ಲ.

“ಅತ್ತೆ, ಎಂತಾತು?”

“ಎಂತದೂ ಆಗ್ಲಿಲ್ಲ. ಬಿದ್ದೆ. ಮೊಗ್ಗು ಮೆಟ್ಬೇಡ.”

ಹಾಗೆಂದದ್ದು ನಿಜವಾದರೆ ನೆಲದಲ್ಲಿ ಮೊಗ್ಗು ಇದ್ದಿರಲೇಬೇಕು. ನಾನು ಮೆಟ್ಟಿರಲೂ ಸಾಕು.

“ಏಳಿ, ನಾಲ್ಕು ಹೆಜ್ಜೆ ನಡೀರಿ. ಕೂತ್ರೆ ಪೆಟ್ಟು ಕಟ್ಕಂತದೆ.”

“ತಡಿ ಮಾರಾಯ್ತಿ, ಉಸಿರು ಬಿಡ್ತೆ.”

ನಾನು ತಡೆಯಲಿಲ್ಲ. ಕಂಕುಳಿಗೆ ಕೈ ಕೊಟ್ಟು ಎತ್ತಿದೆ. ಅವರು ಹಗುರಾಗಿದ್ದರು, ಅಥವಾ ಹೆದರಿಕೆಯಲ್ಲಿ ನನಗೆ ಬಲ ಬಂದಿತ್ತು. ಒಂದು ಹೆಜ್ಜೆ ಇಟ್ಟರು. ಇನ್ನೊಂದು. ಇನ್ನೊಂದು. ಎಲ್ಲೋ ನಡುವೆ ತೆಂಗಿನ ಗರಿಯ ಒಣ ಹೆಡೆಯನ್ನು ಮೆಟ್ಟಿದಂಥ ಒಂದು ಸದ್ದಾಯಿತು. ಅಂಗಳದಲ್ಲಿ ಒಣ ಹೆಡೆಗಳು ಬಿದ್ದಿರುತ್ತಿದ್ದವು, ಅದೂ ನಿಜ. ಆಮೇಲೆ ಅವರು ನನ್ನ ತೋಳಿನ ಮೇಲೆ ಇಳಿದರು, ಒದ್ದೆ ಬಟ್ಟೆ ತಂತಿಯಿಂದ ಜಾರಿದ ಹಾಗೆ. ಬಲಪಾದ ಹೊರಕ್ಕೆ ತಿರುಗಿಕೊಂಡಿತ್ತು. ಅದು ಅವರದಲ್ಲ, ಪಕ್ಕದಲ್ಲಿ ಯಾರೋ ಮಲಗಿದವರದು ಎಂಬಂತೆ.

ನಾನು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಅವರು ಬಿದ್ದ ಜಾಗಕ್ಕೆ ಹೊಯ್ದೆ. ಅದನ್ನು ಯಾಕೆ ಮಾಡಿದೆ ಎಂದು ಕೇಳಿದರೆ ಹೇಳಲಾರೆ. ಮಾಡಬೇಕಾಗಿದ್ದುದರಲ್ಲಿ ಅದೊಂದು ಬಾಕಿ ಇತ್ತು.

ಭಟ್ಕಳದಿಂದ ವ್ಯಾನ್ ಬಂತು, ಅದರಲ್ಲೇ ನನ್ನ ಗಂಡನೂ ಬಂದರು. ಸೀಟು ತೆಗೆದು ಹಾಸಿಗೆ ಹಾಕಿ, ಎರಡು ದಿಂಬಿನ ನಡುವೆ ಕಾಲಿಟ್ಟು, ಮರವಂತೆಯ ಕಡಲ ಪಕ್ಕ, ಗಂಗೊಳ್ಳಿಯ ನೀರಿನ ಪಕ್ಕ ತೆಂಕಕ್ಕೆ ಹೋದೆವು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಪ್ರತಿ ಹೊಂಡಕ್ಕೂ ಅವರ ಕೈ ನನ್ನ ಕೈಯನ್ನು ಬಿಗಿಯುತ್ತಿತ್ತು. ಒಂದು ಸಲವೂ ನನ್ನ ಮುಖ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. ಬಿಳಿಯಾಗಿ ಹೊಳೆಯುವ ಲೋಹದ ಗಂಟು, ಅದರ ಮೇಲೆ ಮಂಜಿನಂಥ ಎಲುಬು, ಮಂಜಿನಲ್ಲಿ ಓರೆಯಾದ ಒಂದು ಕಪ್ಪು ಗೆರೆ. ಕೆಳಗಿನ ತುಂಡು ಪಕ್ಕಕ್ಕೆ ಸರಿದಿತ್ತು.

“ಬಿದ್ದ ಮೇಲೆ ಎದ್ದು ನಡೆದ್ರಾ ಅಮ್ಮ? ಕಾಲು ಊರಿದ್ರಾ?”

ನಾನು ಬಾಯಿ ತೆರೆದಿದ್ದೆ ಎಂದುಕೊಂಡಿದ್ದೇನೆ.

“ಇಲ್ರಾ ಡಾಕ್ಟ್ರೆ. ಬಿದ್ದಲ್ಲೇ ಇದ್ದೆ. ಇವಳು ಬಂದು ನೋಡು ತನಕ ಅಲ್ಲೇ ಮಲ್ಗಿದ್ದೆ.”

ಡಾಕ್ಟರು ಬರೆದುಕೊಂಡರು. ಹೇಳಿಕೆಯೊಂದು ಕಾಗದಕ್ಕೆ ಇಳಿಯುವ ಸದ್ದು ನನಗೆ ಚೆನ್ನಾಗಿ ಗೊತ್ತು. ಇಳಿದ ಮೇಲೆ ಅದನ್ನು ತಿದ್ದಲು ಮತ್ತೊಂದು ಹೇಳಿಕೆ ಬೇಕು, ಅದಕ್ಕೆ ಯಾರಾದರೂ ಎದ್ದು ನಿಲ್ಲಬೇಕು. ನಾನು ಕೂತೇ ಇದ್ದೆ. ಡಾಕ್ಟರು ನನ್ನ ಗಂಡನಿಗೆ ವಿವರಿಸಿದರು: ಲೋಹ ಮುರಿಯುವುದಿಲ್ಲ, ಲೋಹ ಮುಗಿಯುವಲ್ಲಿ ಎಲುಬು ಮುರಿಯುತ್ತದೆ, ವಯಸ್ಸಾದವರ ಎಲುಬು ಒಳಗೆ ಟೊಳ್ಳು, ಉದ್ದನೆಯ ಪಟ್ಟಿ ಇಟ್ಟು ಸ್ಕ್ರೂ ಹಾಕಬೇಕು, ಕೂಡುತ್ತದೆ, ಆದರೆ ಮೊದಲಿನ ಹಾಗೆ ಆಗುವುದೆಂದು ಭರವಸೆ ಕೊಡಲಾರೆ.

ಮೂರು ತಿಂಗಳು ಕಾಲೂರುವಂತಿರಲಿಲ್ಲ. ಅದು ಐದಾಯಿತು, ಎಲುಬು ಕೂಡಲು ತಡಮಾಡಿತು. ನಾನು ಎರಡು ತಿಂಗಳು ರಜೆ ಹಾಕಿದೆ. ಹೊನ್ನಾವರಕ್ಕೆ ಕೊಟ್ಟಿದ್ದ ನಾದಿನಿ, ಅತ್ತೆಯ ಮಗಳು, ವಾರಕ್ಕೊಮ್ಮೆ ಬರುತ್ತಿದ್ದಳು. ಒಂದು ದಿನ ಅಡುಗೆಮನೆಯಲ್ಲಿ ಕೊಬ್ಬರಿ ತುರಿಯುತ್ತ ಕೇಳಿದಳು.

“ಎಷ್ಟೊತ್ತು ಬಿದ್ಕಂಡಿತ್ತು ಅಮ್ಮ ಅಲ್ಲಿ? ನೀವು ಒಳಗೆ ಎಂತ ಮಾಡ್ತಾ ಇದ್ರಿ ಅತ್ತಿಗೆ?”

“ಬಸ್ಸಿಗೆ ಹೊರಡ್ತಾ ಇದ್ದೆ.”

“ಹಾಂ. ಬಸ್ಸು.”

ತುರಿಯುವ ಮಣೆಯ ಸದ್ದು ಮುಂದುವರಿಯಿತು. ತಡವಾಗಿ ಬಂದವಳು ಎಂಬ ತಪ್ಪನ್ನು ನಾನು ಸದ್ದಿಲ್ಲದೆ ಹೊದ್ದುಕೊಂಡೆ. ಅದರ ಅಡಿಯಲ್ಲಿ ಇನ್ನೊಂದು ತಪ್ಪು ಬೆಚ್ಚಗೆ ಮಲಗಿತ್ತು.

ಆಮೇಲಿನ ವರ್ಷಗಳನ್ನು ಹೇಗೆ ಬರೆಯಲಿ? ಬಿದ್ದದ್ದಕ್ಕೆ ಒಂದು ಬೆಳಗ್ಗೆ ಸಾಕಾಯಿತು; ಬಿದ್ದದ್ದರ ನಂತರಕ್ಕೆ ಏಳು ವರ್ಷ ಹಿಡಿಯಿತು, ಅದಕ್ಕೊಂದು ಘಟನೆಯೂ ಇಲ್ಲ. ಬಲಗಾಲು ಒಂದು ಇಂಚು ಗಿಡ್ಡವಾಗಿತ್ತು. ಭಟ್ಕಳದ ಬಸ್‌ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವವರು ಆ ಕಾಲಿನ ಚಪ್ಪಲಿಗೆ ಟೈರಿನ ಎರಡು ಪದರ ಹೊಲಿದುಕೊಟ್ಟರು. ಮೊಣಗಂಟು ಸ್ವಲ್ಪ ಮಾತ್ರ ಮಡಚುತ್ತಿತ್ತು, ಚಳಿಗಾಲದಲ್ಲಿ ಅದೂ ಇಲ್ಲ. ತೊಡೆ ಸಣಕಲಾಯಿತು. ವಾಕರಿನ ನಾಲ್ಕು ಕಾಲುಗಳು ಕೆಂಪು ಗಾರೆ ನೆಲದ ಮೇಲೆ ಟಕ್ ಎನ್ನುತ್ತಿದ್ದವು, ಆಮೇಲೆ ಟೈರಿನ ಚಪ್ಪಲಿ ಎಳೆದ ಸದ್ದು, ಮತ್ತೆ ಟಕ್. ಆ ಸದ್ದಿನಿಂದಲೇ ಮನೆಯಲ್ಲಿ ಹೊತ್ತು ಎಷ್ಟಾಯಿತೆಂದು ತಿಳಿಯುತ್ತಿತ್ತು. ಎರಡು ವರ್ಷದಲ್ಲಿ ಎಡಗಾಲು ಹೆಚ್ಚಿನ ಭಾರ ಹೊತ್ತು ನೋಯತೊಡಗಿತು, ಅದರ ನೋವು ಸೊಂಟಕ್ಕೆ ಏರಿತು. ಮುರಿದದ್ದು ಒಂದು ಕಡೆ, ನಿಧಾನವಾಗಿ ಮೈಯೆಲ್ಲ ಅದಕ್ಕೆ ಬಾಗಿಕೊಂಡಿತು. ಮನೆಯೂ ಬಾಗಿತು. ಮಂಚ ಕಿಟಕಿಯ ಬಳಿಗೆ ಬಂತು, ಹೊಸ್ತಿಲನ್ನು ಕೆತ್ತಿ ತಗ್ಗಿಸಿದೆವು. ದಣಪೆಯನ್ನು ತೆಗೆದು ಕಬ್ಬಿಣದ ಗೇಟು ಹಾಕಿದೆವು. ಆ ಹೊತ್ತಿಗೆ ಅತ್ತೆ ಅಂಗಳದ ಆಚೆ ಹೋಗುವುದನ್ನೇ ಬಿಟ್ಟಿದ್ದರು.

ನೋವಿಗಿಂತ ಹೆಚ್ಚು ಉಳಿದದ್ದು ಬೀಳುವ ಹೆದರಿಕೆ. ಒಣಗಿದ ನೆಲದಲ್ಲೂ ವಾಕರನ್ನು ಮುಂದಿಟ್ಟು ಒಂದು ಕ್ಷಣ ಕಾಯುತ್ತಿದ್ದರು, ನೆಲ ಒಪ್ಪಿಗೆ ಕೊಡಲಿ ಎಂಬಂತೆ.

ತವರಿನಲ್ಲಿ ನನ್ನ ತಂಗಿಯ ಮದುವೆಗೆ ಅವರನ್ನು ಬಾಡಕ್ಕೆ ಕರೆದುಕೊಂಡು ಹೋದೆವು. ಎಲ್ಲರೂ ನೆಲದ ಮೇಲೆ ಸಾಲಾಗಿ ಎಲೆಯ ಮುಂದೆ ಕೂತಾಗ ಇವರೊಬ್ಬರಿಗೆ ಮೇಜು ಹಾಕಿದರು.

“ನನ್ನ ಎಂತಕ್ಕೆ ಇಷ್ಟು ಮೇಲೆ ಕೂರ್ಸಿದ್ರಿ? ವರ ನಾನಲ್ಲ,” ಎಂದರು.

ಬಡಿಸುತ್ತಿದ್ದ ನನ್ನ ಚಿಕ್ಕಪ್ಪ, “ವರ ಆದ್ರೂ ನಾವ್ ಒಪ್ತೇವು. ಒಂದು ಪಾಯಸ ಹೆಚ್ಚು ಹೊಯ್ಲಾ?” ಎಂದರು.

“ಹೊಯ್ರಿ. ಕಾಲು ಮಡ್ಚುದಿಲ್ಲ, ಹೊಟ್ಟೆ ಮಡ್ಚ್ತದೆ.”

ಎಲ್ಲರೂ ನಕ್ಕರು. ಅವರು ಮೇಜಿನ ಕೆಳಗೆ ನೆಟ್ಟಗೆ ಚಾಚಿದ್ದ ಕಾಲನ್ನು ಸೀರೆಯಿಂದ ಮುಚ್ಚಿಕೊಳ್ಳುತ್ತಿದ್ದುದನ್ನು ನಾನು ನೋಡಿದೆ.

ಮಧ್ಯಾಹ್ನ ಮಲಗಿ ಎದ್ದ ಮೇಲೆ ಕೆಲವೊಮ್ಮೆ ಕನಸು ಹೇಳುತ್ತಿದ್ದರು. ಕನಸಿನಲ್ಲಿ ಕಾಲು ಮಡಚುತ್ತಿತ್ತಂತೆ. ಕುಕ್ಕರಗಾಲಲ್ಲಿ ಕೂತು ಗದ್ದೆಯ ನೀರಿನಲ್ಲಿ ಏನೋ ಹುಡುಕುತ್ತಿದ್ದರಂತೆ. ನೀರು ಬೆಚ್ಚಗಿತ್ತು, ಏನು ಹುಡುಕುತ್ತಿದ್ದೆ ಅಂತ ಗೊತ್ತಾಗಲಿಲ್ಲ ಎನ್ನುತ್ತಿದ್ದರು. ಆ ಗದ್ದೆ ಈಗ ನನ್ನ ಕನಸಿಗೂ ಬರುತ್ತದೆ. ನಾನು ಅಂಚಿನ ಮೇಲೆ ನಿಂತಿರುತ್ತೇನೆ, ಅವರು ತಲೆಯೆತ್ತುವುದಿಲ್ಲ. ಇದು ಅವರು ಹೇಳಿದ ಕನಸೋ, ನಾನು ಕಂಡದ್ದೋ, ಬೇರ್ಪಡಿಸಲಾರೆ.

ಬಂದವರಿಗೆಲ್ಲ ಅವರು ಬಿದ್ದ ಕಥೆ ಹೇಳುತ್ತಿದ್ದರು. ಕಥೆ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಅರ್ಧ ತಾಸು ಬಿದ್ದುಕೊಂಡಿದ್ದೆ ಎಂದದ್ದು ಒಂದು ತಾಸಾಯಿತು. ಒಂದು ಕಾಗೆ ಬಂದು ಪಕ್ಕದಲ್ಲಿ ಕೂತಿತು. ಬಿಸಿಲು ಮುಖಕ್ಕೆ ಬಂತು. ನಾನು ಮಾತ್ರ ಪ್ರತಿ ಸಲ ಕೊನೆಯಲ್ಲೇ ಬರುತ್ತಿದ್ದೆ, ಅರ್ಧ ಜಡೆಯಲ್ಲಿ. ಎತ್ತುತ್ತಿರಲಿಲ್ಲ, ನಡೆಸುತ್ತಿರಲಿಲ್ಲ. ಚಹಾ ಕೊಡುತ್ತ ಬಾಗಿಲಲ್ಲಿ ನಿಂತು ಕೇಳುವಾಗ ನನಗೂ ಆ ಕಾಗೆ ಕಾಣುತ್ತಿತ್ತು. ಕೆಲವು ತಿಂಗಳು, ಇಡೀ ಒಂದು ವರ್ಷವೇ ಇರಬಹುದು, ನಾನು ಅವರನ್ನು ನಡೆಸಿಯೇ ಇಲ್ಲ ಎಂದು ನಂಬಿದ್ದೆ. ಆ ವರ್ಷ ಚೆನ್ನಾಗಿ ನಿದ್ದೆ ಬಂತು.

ನಂಬಿಕೆ ಕದಡಿದ್ದು ಎರಡು ಸಾವಿರದ ಎಂಟರಲ್ಲಿ. ತೊಡೆಯಲ್ಲಿ ಹೊಸ ನೋವು ಶುರುವಾಗಿತ್ತು, ಹೊನ್ನಾವರಕ್ಕೆ ವಾರಕ್ಕೊಮ್ಮೆ ಬರುವ ಎಲುಬಿನ ಡಾಕ್ಟರಿಗೆ ತೋರಿಸಿದೆವು. ಚಿಕ್ಕ ವಯಸ್ಸಿನವರು. ಹಳೆಯ ಫಿಲ್ಮು, ಹೊಸ ಫಿಲ್ಮು ಎರಡನ್ನೂ ಅಕ್ಕಪಕ್ಕ ಹಿಡಿದು, ಒಂದು ಸ್ಕ್ರೂ ಸ್ವಲ್ಪ ಸಡಿಲವಾಗಿದೆ, ಈ ವಯಸ್ಸಿಗೆ ಮತ್ತೆ ಕೊಯ್ಯುವುದು ಬೇಡ, ಹುಷಾರಾಗಿ ನಡೆಯಿರಿ ಎಂದರು. ನನ್ನ ಗಂಡ ಗಾಡಿ ತರಲು ಹೋಗಿದ್ದರು. ಅತ್ತೆ ಬೆಂಚಿನ ಮೇಲಿದ್ದರು. ನಾನು ಹಳೆಯ ಫಿಲ್ಮನ್ನು ತೋರಿಸಿ ಕೇಳಿದೆ.

“ಡಾಕ್ಟ್ರೆ, ಬಿದ್ದವ್ರನ್ನ ಕೂಡ್ಲೇ ನಾಲ್ಕು ಹೆಜ್ಜೆ ನಡೆಸಿದ್ರೆ ಎಲುಬು ಹೀಗೆ ಸರಿಯುದುಂಟಾ?”

“ಸರೀಬಹುದು. ಬರೀ ಬಿರುಕಿದ್ದದ್ದು ಪೂರ್ತಿ ತುಂಡಾಗಲೂಬಹುದು.”

“ಇದು ಹಾಗೇ ಆದದ್ದಾ?”

ಅವರು ಫಿಲ್ಮನ್ನು ಇನ್ನೊಮ್ಮೆ ಎತ್ತಿ ಹಿಡಿದರು. “ಬಿದ್ದ ಪೆಟ್ಟಿಗೇ ಹೀಗೆ ಆಗಿರಬಹುದು. ಇದರಲ್ಲಿ ಮುರಿದದ್ದು ಕಾಣ್ತದೆ, ಯಾವಾಗ ಮುರಿದದ್ದು ಅಂತ ಕಾಣುದಿಲ್ಲ. ಯಾಕೆ, ನಡೆಸಿದ್ರಾ?”

ಉತ್ತರ ಕೊಡುವ ಮೊದಲು ಹೊರಗೆ ಗಾಡಿಯ ಹಾರ್ನ್ ಆಯಿತು. ಇದು ಸುಳ್ಳೂ ಇರಬಹುದು. ಹಾರ್ನ್ ಆಗಿರಲಿಲ್ಲ, ನಾನೇ ಎದ್ದು ಬಂದಿರಬೇಕು.

ಶರಾವತಿಯ ಸೇತುವೆಯ ಮೇಲೆ ಲಾರಿಗಳ ಸಾಲು, ಗಾಡಿ ನಿಂತು ನಿಂತು ಹೋಗುತ್ತಿತ್ತು. ದಿನಾ ಎರಡು ಸಲ ದಾಟುವ ಹೊಳೆ. ಆ ಸಂಜೆ ನೀರು ಅಲುಗದೆ, ಹಾಲು ಆರಿ ಕೆನೆಗಟ್ಟಿದ ಹಾಗೆ ಇತ್ತು. ಗಂಡ ಗಾಡಿ ನಡೆಸುತ್ತಿದ್ದರು, ನಾವಿಬ್ಬರೂ ಹಿಂದೆ. ಅತ್ತೆಯ ಕಾಲು ಸೀಟಿನುದ್ದಕ್ಕೆ ನನ್ನ ಮಡಿಲಿನಲ್ಲಿತ್ತು.

“ಅತ್ತೆ,” ಎಂದೆ ಮೆಲ್ಲಗೆ. “ಅವತ್ತು ನಾ ನಿಮ್ಮನ್ನ ನಡ್ಸಿದ್ದೆ. ನಾಲ್ಕು ಹೆಜ್ಜೆ.”

ಅವರು ಹೊಳೆ ನೋಡುತ್ತಿದ್ದರು. ಮುಂದಿನ ಲಾರಿ ಸರಿದು ಮತ್ತೆ ನಿಂತಿತು.

“ನಾಲ್ಕಲ್ಲ,” ಎಂದರು. “ಮೂರು.”

ಕಾಸರಕೋಡಿನ ಕಡೆಯ ದಡ ಬಂದಾಗ ಅವರ ಕಣ್ಣು ಮುಚ್ಚಿತ್ತು.

ಅತ್ತೆ ತೀರಿಕೊಂಡು ಕೆಲವು ತಿಂಗಳಾದ ಮೇಲೆ ಗಂಡನಿಗೆ ಸೇತುವೆಯ ಮೇಲಿನ ಈ ಮಾತನ್ನು ಹೇಳಿದೆ. ಅವರಿಗೆ ಆಶ್ಚರ್ಯವಾಯಿತು. ಅಮ್ಮ ಆ ದಿನ ಆಸ್ಪತ್ರೆಯಿಂದ ಹೊರಟವಳು ಮನೆ ಬರುವ ತನಕ ನಿದ್ದೆಯಲ್ಲಿದ್ದಳು, ಕನ್ನಡಿಯಲ್ಲಿ ನೋಡುತ್ತಲೇ ಇದ್ದೆ, ನೀನೂ ತೂಕಡಿಸುತ್ತಿದ್ದೆ ಎಂದರು. ಅವರು ಸುಳ್ಳು ಹೇಳುವವರಲ್ಲ. ಬಿಳಿಯ ನೆಲ ಕಂಡವರೂ ಅವರೇ.

ಹೀಗಾಗಿ ನನ್ನ ಹತ್ತಿರ ಇರುವುದು ಇಷ್ಟು. ಅತ್ತೆಯ ಕಾಲು ಬಿದ್ದಾಗ ಮುರಿಯಿತೋ, ನಾನು ನಡೆಸಿದಾಗ ಮುರಿಯಿತೋ ನನಗೆ ಗೊತ್ತಿಲ್ಲ. ಡಾಕ್ಟರ ಮುಂದೆ ಅವರು ಹಾಗೆ ಹೇಳಿದ್ದು ನನ್ನನ್ನು ಉಳಿಸಲಿಕ್ಕೋ, ಬೈಗುಳ ತಪ್ಪಿಸಿಕೊಳ್ಳಲಿಕ್ಕೋ, ಅಥವಾ ಅವರ ಮಟ್ಟಿಗೆ ಅದೇ ನಿಜವಾಗಿತ್ತೋ, ಗೊತ್ತಿಲ್ಲ. ಸೇತುವೆಯ ಮೇಲೆ ಅವರು ಮಾತಾಡಿದರೋ ಇಲ್ಲವೋ, ಅದೂ ಗೊತ್ತಿಲ್ಲ.